ಒಲೆಯ ಮುಂದೆ ಕುಳಿತಿದ್ದೆ

ಬಸವನ ಬಾಗೇವಾಡಿ
೧೪ ನವೆಂಬರ್ ೨೦೦೬

ನನ್ನ ಮಗಳು ಜಯಮಾಲಾಗೆ ಅವ್ವ ಮಾಡುವ ಆಶೀರ್ವಾದ.

ಹುಬ್ಬಳ್ಳಿಯ ಥಂಡಿಗೆ ಕೆಮ್ಮು ಹತ್ತಿದೆ ಎಂದು ಬರೆದಿದ್ದೆ, ಕಡಿಮೆಯಾಯಿತೇ? ಹಾಸ್ಟೆಲಿನಲ್ಲಿ ಹೊಟ್ಟೆ ತುಂಬ ಉಣ್ಣು, ನಾಚಬೇಡ. ನರ್ಸಿಂಗ್ ಬಿಟ್ಟು ಬಂದು ಖಾನಾವಳಿಯ ರೊಟ್ಟಿಯನ್ನು ನನ್ನ ಬದಲು ನೀನೇ ಬಡಿಯುವುದಾಗಿ ಬರೆದಿದ್ದೆಯಲ್ಲ, ಅದನ್ನು ಓದಿ ಮೊದಲು ಅತ್ತೆ, ಆಮೇಲೆ ನಿನಗೆ ಬೈದೆ. ಈಗ ಕೇಳು, ನಿನ್ನ ಅವ್ವ ಗೆದ್ದು ಬಂದಿದ್ದಾಳೆ!

ಹೋದ ತಿಂಗಳು ನಾನು ತಲೆ ತಿರುಗಿ ಬಿದ್ದಾಗ ವಿಜಾಪುರದ ಡಾಕ್ಟರು ಎದೆಗೆ ವಾಯರು ಅಂಟಿಸಿ, ಸೊಂಟಕ್ಕೆ ಎದೆಬಡಿತ ಬರೆದುಕೊಳ್ಳುವ ಪೆಟ್ಟಿಗೆ ಕಟ್ಟಿ ಒಂದು ದಿನ ಮನೆಗೆ ಕಳಿಸಿದ್ದರು. ಯಾವ ಹೊತ್ತಿಗೆ ಏನು ಮಾಡಿದಿರಿ, ಬರೆಯಿರಿ ಎಂದು ಚೀಟಿ ಬೇರೆ. ಬೆಳಗಿನ ಹೊತ್ತಿಗೆ ‘ಒಲೆಯ ಮುಂದೆ ಕುಳಿತಿದ್ದೆ’ ಎಂದು ಬರೆದೆ. ಅಯ್ಯೋ, ಅದೇ ಹೊತ್ತಿಗೆ ಎದೆ ಹುಚ್ಚು ಕುದುರೆಯಂತೆ ಓಡಿದೆಯಂತೆ! ಸುಮ್ಮನೆ ಕುಳಿತಾಗಲೇ ಹೀಗಾದರೆ ಎದೆಯೊಳಗೆ ಯಂತ್ರ ಕೂಡಿಸಬೇಕು, ಕೆಲಸ ಬಂದ್ ಎಂದರು. ನಿನ್ನ ಅಣ್ಣ ಸಂಗಮೇಶ ರೊಟ್ಟಿ ಹಂಚನ್ನೇ ಅಟ್ಟಕ್ಕೇರಿಸಿದ.

ಕೊನೆಗೊಮ್ಮೆ ನೋಡೋಣ ಎಂದು ಹೋದ ವಾರ ಹೊಸ ಪೆಟ್ಟಿಗೆ ಕಟ್ಟಿದರು. ಇದು ಎದೆಬಡಿತದ ಜೊತೆಗೆ ಮೈ ಅಲುಗಾಡಿದ್ದನ್ನೂ ಬರೆದುಕೊಳ್ಳುತ್ತದೆ. ದಿನದಂತೆಯೇ ಇರಿ ಎಂದಿದ್ದರು. ಸರಿ, ಹಂಚು ಕೆಳಗಿಳಿಸಿದೆ, ಚೀಟಿಯಲ್ಲಿ ಮತ್ತೆ ಅದನ್ನೇ ಬರೆದೆ. ಸಂಗಮೇಶ ಮುಖ ಗಂಟು ಹಾಕಿದ, ಹಾಕಲಿ.

ನಿನ್ನೆ ಡಾಕ್ಟರು ಎದೆಬಡಿತದ ಗೆರೆ, ಮೈ ಅಲುಗಾಡಿದ ಗೆರೆ ಎರಡನ್ನೂ ಒಂದರ ಕೆಳಗೊಂದು ಇಟ್ಟು ತಲೆ ಕೆರೆದುಕೊಂಡರು. “ಯವ್ವಾ, ಒಲಿ ಮುಂದ ಕುಂತಿದ್ನಿ ಅಂತ ಬರದೀರಿ. ಮತ್ತ ಮೈ ಯಾಕ ಇಷ್ಟ್ ಅಳ್ಳಾಡೈತಿ?” “ಕುಂತ ರೊಟ್ಟಿ ಬಡಿಯಾಕತ್ತಿದ್ನಿರಿ. ನಿಂತ ಯಾರರ ಬಡೀತಾರೇನ್ರಿ?” ಎಂದೆ. ಇಪ್ಪತ್ತು ವರ್ಷದಿಂದ ದಿನಕ್ಕೆ ನೂರೈವತ್ತು ರೊಟ್ಟಿ, ಅದನ್ನೂ ಬರೆಯಬೇಕೆಂದು ನನಗೇನು ಗೊತ್ತು? ಅಲ್ಲೇ ವಾಯರು ಅಂಟಿಸಿ, ಮೇಜಿನ ಮೇಲೆ ಬಡಿದು ತೋರಿಸಿ ಎಂದರು. ಹಿಟ್ಟಿಲ್ಲದೆ ಬಡಿದೆ. ಪರದೆಯ ಮೇಲೆ ಅದೇ ಹುಚ್ಚು ಕುದುರೆ! ಕೈ ನಿಲ್ಲಿಸಿದೆ, ಕುದುರೆಯೂ ನಿಂತಿತು. “ಇದು ಎದಿ ಅಲ್ಲವ್ವಾ, ರೊಟ್ಟಿ!” ಎಂದು ಡಾಕ್ಟರು ಬಿದ್ದು ಬಿದ್ದು ನಕ್ಕರು. ಕೈ ಬಡಿತಕ್ಕೆ ವಾಯರು ಅಲುಗಿ ಗೆರೆ ಕುಣಿದದ್ದಂತೆ, ಎದೆ ನೆಟ್ಟಗಿದೆ, ಯಂತ್ರ ಬೇಡವಂತೆ. ತಲೆ ತಿರುಗಿದ್ದು ರಕ್ತ ಕಡಿಮೆಯಾಗಿ, ಅದಕ್ಕೆ ಗುಳಿಗೆ ಕೊಟ್ಟಿದ್ದಾರೆ. ಬಸ್ಸಿನಲ್ಲಿ ನಿನ್ನ ಅಣ್ಣ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡ. ನಾನು ನೋಡಿಲ್ಲವೆಂದು ತಿಳಿದಿದ್ದಾನೆ.

ನೀನೂ ನಾಳೆ ಯಾರಿಗಾದರೂ ಇಂಥ ಪೆಟ್ಟಿಗೆ ಕಟ್ಟಿದರೆ, ಕುಳಿತಾಗ ಕೈ ಏನು ಮಾಡುತ್ತಿತ್ತು ಎಂದು ಮರೆಯದೆ ಕೇಳು.

ಬಸವಣ್ಣ ನಿನ್ನನ್ನು ಚೆನ್ನಾಗಿಡಲಿ. ನಿನ್ನ ಗೆಳತಿಯರನ್ನೂ ಕೇಳಿದೆನೆಂದು ಹೇಳು.

ನಿನ್ನ ಅವ್ವ,
ಇಂದುಬಾಯಿ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು. ಟ್ರಂಕು ಕಟ್ಟಿದ್ದರೆ ಈಗಲೇ ಬಿಚ್ಚು. ಕಾಲೇಜಿಗೆ ಸೂಟಿ ಬಿಟ್ಟಾಗ ಬಾ, ರೊಟ್ಟಿ ತಿನ್ನಲು. ಬಡಿಯಲು ನಾನಿದ್ದೇನೆ.