ಮಿನುಗುವ ಚೌಕದಲ್ಲಿ ಘಸ್ಸಾನ್

ಟ್ರಿಪೋಲಿ, ಲೆಬನಾನ್
ಮಾರ್ಚ್ ೯

ಪ್ರೀತಿಯ ವಿದಾದ್,

ಮಾರ್ಸೆಯ್‌ನಲ್ಲಿ ನೀನು, ನಿನ್ನಮ್ಮ, ಮಕ್ಕಳು ಕ್ಷೇಮ ತಾನೆ? ನಿನ್ನ ತಮ್ಮ ಘಸ್ಸಾನನನ್ನು ಮಣ್ಣು ಮಾಡಿ ತಿಂಗಳಾದರೂ ಬರೆಯಲಿಲ್ಲ, ಬೈಯಬೇಡ. ಶುರು ಮಾಡಿದ ಕಾಗದಗಳನ್ನೆಲ್ಲ ಹರಿದು ಹಾಕಿದೆ. ಗೆಳೆಯ ಮರ್ವಾನನಿಗೇ ಗುಂಡು ಹೊಡೆದವನೆಂದು ಊರು ಅವನನ್ನು ಉಗಿಯುತ್ತಿದೆ. ನೀನೂ ಅದನ್ನೇ ನಂಬಿ ಅಳುವುದಕ್ಕೂ ನಾಚುತ್ತಿದ್ದೀಯಂತೆ. ನಡೆದದ್ದನ್ನು ನನ್ನಿಂದಲೇ ಕೇಳು.

ಕುತ್ತಿಗೆಗೆ ಗುಂಡು ತಗುಲಿ ಮಾತು, ಕೈಕಾಲು ಎಲ್ಲ ಹೋದ ಮರ್ವಾನನಿಗಾಗಿ ನಮ್ಮ ಚಿಕಿತ್ಸಾ ಕೇಂದ್ರದಲ್ಲಿ ಬರೆಯುವ ಕಂಪ್ಯೂಟರ್ ಪರದೆ ಮಾಡುತ್ತಿದ್ದೆನಲ್ಲ. ಪರದೆ ತುಂಬ ಚೌಕಗಳು, ಒಂದೊಂದರಲ್ಲಿ ಒಂದು ಅಕ್ಷರ. ಬೇಕಾದ ಅಕ್ಷರ ಮಿನುಗಿದಾಗ ಮಿದುಳಿನಲ್ಲಿ ವಿದ್ಯುತ್ತಿನ ಸಣ್ಣ ಅಲೆ ಚಿಮ್ಮುತ್ತದೆ. ತಲೆಯ ಮೇಲಿನ ಟೋಪಿ ಅದನ್ನು ಹಿಡಿದು ಆ ಅಕ್ಷರವನ್ನು ಬರೆಯುತ್ತದೆ. ಚೌಕ ಬೇರೆ, ಮಿನುಗು ಬೇರೆ, ಒಳಗಿನ ಚಿತ್ರ ಬೇರೆ ಎಂದು ಬಿಡಿಬಿಡಿಯಾಗಿ ಕಟ್ಟಿದ್ದೆ. ಅಕ್ಷರ ತೆಗೆದು ಬದನೆಕಾಯಿ ಇಟ್ಟರೂ ನಡೆಯುತ್ತದೆ ಎಂದು ಜಂಬ ಕೊಚ್ಚಿಕೊಂಡಿದ್ದೂ ಉಂಟು. ಅಕ್ಷರಗಳಿಗೆ ಮರ್ವಾನ್ ಇನ್ನೂ ಪಳಗಿರಲಿಲ್ಲ.

ಅಷ್ಟರಲ್ಲಿ ಅವನ ಚಿಕ್ಕಪ್ಪ ಅಬು ಶಾಕಿರ್ ಮಗನೊಂದಿಗೆ ನುಗ್ಗಿದ. ಪಿಸ್ತೂಲಿನ ಹಿಡಿಯಿಂದ ಕಾವಲುಗಾರನ ಹಲ್ಲು ಉದುರಿಸಿದ್ದರು. ಕಾಫಿ ಮುಂದಿಟ್ಟೆ, ಮುಟ್ಟಲಿಲ್ಲ. ಸೇಡು ತೀರುವವರೆಗೆ ಆ ಮನೆಯವರು ಯಾರ ಕಾಫಿಯನ್ನೂ ಕುಡಿಯುವುದಿಲ್ಲ, ನಿನಗೆ ಗೊತ್ತು.

"ಅಕ್ಷರ ಗಿಕ್ಷರ ತೆಗಿಯಮ್ಮ," ಎಂದು ತಮಗೆ ಅನುಮಾನವಿದ್ದವರ ಕೆಲವು ಫೋಟೋ ಎಸೆದ. "ಈ ಮುಖಗಳನ್ನ ಹಾಕು. ಹೊಡ್ದೋನು ಯಾರಂತ ನಮ್ಮ ಹುಡುಗನೇ ತೋರಿಸ್ಲಿ."

"ಹಾಜಿ, ಭಯ ಇದ್ರೂ ಅಲೆ ಚಿಮ್ಮತ್ತೆ, ಪ್ರೀತಿ ಇದ್ರೂ ಚಿಮ್ಮತ್ತೆ. ಇದು ಸಾಕ್ಷಿ ಅಲ್ಲ!"

"ನಿನ್ನ ಪಾಠ ಕೇಳೋಕೆ ಬಂದಿಲ್ಲ ಕಣೇ!" ಮಗ ನನ್ನ ಕೂದಲು ಹಿಡಿದು ಹಣೆಯನ್ನು ಮೇಜಿಗೆ ಜಜ್ಜಿದ. ರಕ್ತ ಕಣ್ಣಿಗಿಳಿಯುತ್ತಿದ್ದಂತೆಯೇ ಮುಖಗಳನ್ನು ಹಾಕಿದೆ. ಪರದೆ ಒಂದಿಷ್ಟೂ ತಕರಾರು ಮಾಡಲಿಲ್ಲ. ಅಷ್ಟು ಚೆನ್ನಾಗಿ ಕಟ್ಟಿದ್ದೆ, ನನ್ನ ಕೈ ಸೇದಿಹೋಗಲಿ!

ಘಸ್ಸಾನನ ಮುಖ ಮಿನುಗಿದಾಗಲೆಲ್ಲ ಅಲೆ ಚಿಮ್ಮಿತು.

ಅವನಿಗೆ ಬೇಕರಿಯ ಮುಂದೆಯೇ ಗುಂಡು ಹೊಡೆದರು. ಬಿದ್ದ ಮೇಲೂ ಹೊಡೆದರು. ಬಿಸಿ ರೊಟ್ಟಿಗಳ ಮೇಲೆಲ್ಲ ರಕ್ತ. ಅಲ್ಲಿಂದ ನೇರ ನಮ್ಮ ಬಾಗಿಲಿಗೆ ಬಂದ ಅಬು ಶಾಕಿರ್, "ಈಗ ಕೊಡಮ್ಮ ಕಾಫಿ," ಎಂದ. ಕೊಟ್ಟೆ. ಕೈಯಲ್ಲಿ ವಿಷವಿದ್ದಿದ್ದರೆ ಬೆರೆಸಿಬಿಡುತ್ತಿದ್ದೆ.

ಅಮ್ಮನನ್ನು ನೋಡಿಕೋ. ಈ ಊರಿನ ಸಿಟ್ಟು ನಿನ್ನ ಮಕ್ಕಳ ಹತ್ತಿರವೂ ಸುಳಿಯದಂತೆ ದೇವರು ಕಾಯಲಿ.

ನಿನ್ನ
ಸುಹೈಲಾ

ತಾ.ಕ.: ಅಕ್ಷರಗಳನ್ನು ಮತ್ತೆ ಹಾಕಿದ್ದೇನೆ. ಮರ್ವಾನ್ ಈಗ ಪಳಗಿದ್ದಾನೆ. ಅವನು ಬರೆದ ಮೊದಲ ಸಾಲು: "ಘಸ್ಸಾನ್ ನನ್ನನ್ನು ಆಸ್ಪತ್ರೆಗೆ ಹೊತ್ತು ತಂದ." ಇದನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳು. ಘಸ್ಸಾನ್ ಇಲ್ಲವೆಂದು ಮರ್ವಾನನಿಗೆ ಹೇಳಲು ಇಲ್ಲಿ ಯಾರಿಗೂ ಬಾಯಿ ಬಂದಿಲ್ಲ. ನಿನ್ನೆ ಬರೆದ: "ಅವನು ಬರುವವರೆಗೆ ಅವನ ಆ ಫೋಟೋವನ್ನಾದರೂ ಮತ್ತೆ ಹಾಕಿ."