ವಾಲಿ ನಿಲ್ಲುವ ದೀಪ

ಬರ್ಕಾ
15 ನವೆಂಬರ್ 2024, ಶುಕ್ರವಾರ

ಪ್ರೀತಿಯ ಮಗ ವಿಶಾಲನಿಗೆ,

ಹೇಗಿದ್ದಿ ಮಗಾ? ಕೆಮ್ಮು ಕಡಿಮೆಯಾಯಿತೇ? ಅಮ್ಮ ಕಾಳುಮೆಣಸಿನ ಕಷಾಯ ಮಾಡಿಕೊಟ್ಟರೆ ನೀನು ಅದನ್ನು ತೊಂಡೆ ಬಳ್ಳಿಯ ಬುಡಕ್ಕೆ ಸುರಿಯುತ್ತೀಯಂತೆ. ಬಳ್ಳಿಗೆ ಕೆಮ್ಮಿಲ್ಲ, ನೀನೇ ಕುಡಿ. ನಾನು ಆರಾಮಾಗಿದ್ದೇನೆ. ಸೊಂಟ ನೋವು ಇದೆ, ಆದರೆ ಅದು ಈಗ ರೂಮಿನಲ್ಲಿ ಜೊತೆಗಿರುವವನ ಹಾಗೆ. ಇದ್ದರೂ ಮಾತಾಡಿಸಲು ಹೋಗುವುದಿಲ್ಲ. ಇಲ್ಲಿ ಬಿಸಿಲು ಇಳಿದಿದೆ, ವರ್ಕ್‌ಶಾಪಿನಲ್ಲಿ ಮಧ್ಯಾಹ್ನವೂ ಬೆವರದೆ ಕೆಲಸ ಮಾಡಬಹುದು. ಇವತ್ತು ರಜೆ. ಬಟ್ಟೆ ಒಗೆದು, ಅಂಜಲ್ ಮೀನಿನ ಸಾರು ಮಾಡಿಟ್ಟು ಬರೆಯಲು ಕೂತಿದ್ದೇನೆ. ಫೋನ್ ಇರುವಾಗ ಈ ಅಪ್ಪನಿಗೆ ಕಾಗದ ಯಾಕೆ ಎಂದು ನೀನು ನಗಬಹುದು. ಫೋನಿನಲ್ಲಿ ನೀನು "ಹ್ಞಾಂ ಅಪ್ಪ, ಸರಿ ಅಪ್ಪ, ಅಮ್ಮನಿಗೆ ಕೊಡ್ತೇನೆ" ಎನ್ನುತ್ತೀ, ಅಲ್ಲಿಗೆ ಮುಗಿಯಿತು. ಕಾಗದವನ್ನಾದರೆ ಹಾಗೆ ಅಮ್ಮನ ಕೈಗೆ ದಾಟಿಸಲಾಗುವುದಿಲ್ಲ. ನಮ್ಮ ವರ್ಕ್‌ಶಾಪಿನಲ್ಲಿ ಪಾಲಿಶ್ ಮಾಡುವ ಆಲ್ಫ್ರೆಡ್ ಇವತ್ತು ಸಂಜೆಯ ವಿಮಾನಕ್ಕೆ ಮಂಗಳೂರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೇನೆ.

ಅಮ್ಮ ಮೊನ್ನೆ ಒಂದು ವಿಷಯ ಹೇಳಿದಳು. ನಾನು ನಿನಗೆ ಕೊಟ್ಟ ಹದಿನಾಲ್ಕು ಉಳಿ, ಎರಡು ಗರಗಸ, ಕೀಸುಳಿ, ಮೂಲೆಮಟ್ಟ ಎಲ್ಲವನ್ನೂ ಪೇಟೆಯ ಬಡಗಿ ಅಲೋಶಿಯಸನಿಗೆ ಕೊಟ್ಟುಬಿಡುತ್ತೀಯಂತೆ, ಮುಂದಿನ ಭಾನುವಾರ ಅವನು ಬಂದು ಒಯ್ಯುತ್ತಾನಂತೆ. ಕೇಳಿದ್ದಕ್ಕೆ "ನನಗೆ ಅಳತೆ ಬರುವುದಿಲ್ಲಮ್ಮ, ಅಳತೆ ಬಾರದವನಿಗೆ ಉಳಿ ಯಾಕೆ" ಎಂದೆಯಂತೆ. ಮೂರು ವರ್ಷದ ಹಿಂದೆ ನಿನ್ನ ಡಿಪ್ಲೊಮಾ ಪರೀಕ್ಷೆಯಲ್ಲಿ ಆದದ್ದನ್ನು ನೀನು ಮರೆತಿಲ್ಲ. ನಾನೂ ಮರೆತಿಲ್ಲ. ಆಗ ನಾನು ರಜೆಯಲ್ಲಿ ಊರಿನಲ್ಲೇ ಇದ್ದೆ. ಹಲಸಿನ ಮರದಲ್ಲಿ ನೀನು ಮಾಡಿದ ಕುರ್ಚಿಯ ಮೇಲೆ ಪರೀಕ್ಷಕರು ಕೂತರು, ಕೂತವರು ಮುಂದಕ್ಕೆ ಜಾರಿದರು, ಮತ್ತೆ ಹಿಂದೆ ಸರಿದು ಕೂತರು, ಮತ್ತೆ ಜಾರಿದರು, ಎಲ್ಲರೂ ನಕ್ಕರು. ಮರುದಿನ ನೀನು ಅದನ್ನು ಸೀಳಿ ಬಚ್ಚಲ ಒಲೆಗೆ ಹಾಕಿದೆ. ಅಂದಿನಿಂದ ಉಳಿ ಮುಟ್ಟಿಲ್ಲ. ಈಗ ಮಂಗಳೂರಿನ ಶೋರೂಮಿನಲ್ಲಿ ಟೈ ಕಟ್ಟಿ ಬೇರೆ ಯಾರೋ ಮಾಡಿದ ಸೋಫಾ ಮಾರುತ್ತಿದ್ದಿ. ಅದು ಕೀಳು ಕೆಲಸ ಎಂದು ನಾನು ಹೇಳುವುದಿಲ್ಲ. ಆದರೆ ಉಳಿಗಳನ್ನು ಕೊಡುವ ಮೊದಲು ಈ ಕಾಗದವನ್ನು ಪೂರ್ತಿ ಓದು. ಇಲ್ಲಿ ನಡೆದ ಒಂದು ಸಂಗತಿಯನ್ನು ನಿನಗೆ ಹೇಳಲೇಬೇಕಾಗಿದೆ.

ಒಂದು ತಿಂಗಳ ಹಿಂದೆ ನಮ್ಮಲ್ಲಿಗೆ ಒಂದು ದೀಪ ರಿಪೇರಿಗೆ ಬಂತು. ನೆಲದ ಮೇಲೆ ನಿಲ್ಲಿಸುವಂಥದ್ದು, ನನ್ನ ಎದೆಯೆತ್ತರ. ಅಕ್ರೋಟು ಮರದ ಮೂರು ಕಾಲು, ಮೇಲೆ ತಗಡಿನ ಟೊಪ್ಪಿ. ಅಲ್ ಅಜೈಬಾದಲ್ಲಿರುವ ನಾಸಿರ್ ಎಂಬ ಒಮಾನಿಯವರದು. ದೀಪದ ಜೊತೆಗೆ ಇಟ್ಟಿಗೆಯಷ್ಟು ದಪ್ಪದ ಒಂದು ಪುಸ್ತಕವನ್ನೂ ಕೊಟ್ಟಿದ್ದರು, ಅದನ್ನು ಮಾಡಿದವನ ಜೀವನಚರಿತ್ರೆ. ಹೆಸರು ಒರ್ಲಾಂದೊ ಬ್ರುಸಾದಿನ್, ಇಟಲಿಯವನು, ತೀರಿಹೋಗಿ ವರ್ಷಗಳಾದವು. ನಮ್ಮ ಆಫೀಸಿನಲ್ಲಿ ನಕ್ಷೆ ಬರೆಯುವ ಮೆರಿಲ್, ಶಿರ್ವದ ಹುಡುಗಿ, ಚಹಾದ ಹೊತ್ತಿಗೆ ದಿನಕ್ಕೆ ಎರಡು ಮೂರು ಪುಟ ಓದಿ ನಮಗೆ ಕನ್ನಡದಲ್ಲಿ ಹೇಳುತ್ತಿದ್ದಳು. ನಮ್ಮ ಫೋರ್‌ಮನ್ ಫಯಾಝ್ ಮಾತ್ರ "ಯಲ್ಲಾ ಯಲ್ಲಾ, ಇಟಲಿ ಸಾಕು ಮಾರಾಯ್ರೆ, ಬಾಗಿಲಿನ ಆರ್ಡರ್ ಉಂಟು" ಎಂದು ಎಬ್ಬಿಸುತ್ತಿದ್ದ. ಆದರೂ ಅವನೂ ಕೇಳುತ್ತಿದ್ದ, ಕಪ್ಪು ಖಾಲಿಯಾದ ಮೇಲೂ ಹಿಡಿದುಕೊಂಡೇ ನಿಂತಿರುತ್ತಿದ್ದ.

ಈ ಬ್ರುಸಾದಿನ್ ಗಾಡಿಯ ಚಕ್ರ ಮಾಡುವವನ ಮಗ. ಎರಡನೇ ಮಹಾಯುದ್ಧದ ಕಾಲದಲ್ಲಿ ಅವನನ್ನು ಆಸ್ಪತ್ರೆಯ ಕೆಲಸಕ್ಕೆ ಹಾಕಿದರಂತೆ, ಕಾಲು ಕಳೆದುಕೊಂಡ ಸಿಪಾಯಿಗಳಿಗೆ ಮರದ ಕಾಲು ಮಾಡಿಕೊಡಲು. ನಾಲ್ಕು ವರ್ಷ ಅದೇ ಕೆಲಸ. "ಎರಡೂ ಕಾಲು ಸಮ ಇರುವ ಮನುಷ್ಯನನ್ನು ನಾನು ನೋಡಿಲ್ಲ, ಆದರೂ ಎಲ್ಲರೂ ನಿಲ್ಲುತ್ತಾರೆ" ಎಂದು ಬರೆದಿದ್ದಾನೆ. ಯುದ್ಧ ಮುಗಿದ ಮೇಲೆ ಮಿಲಾನ್ ಪೇಟೆಗೆ ಬಂದ. ಬಾಂಬು ಬಿದ್ದು ಅರ್ಧ ಊರು ಹೋಗಿತ್ತು, ಉಳಿದವರು ಸಣ್ಣ ಸಣ್ಣ ಮನೆಗಳಲ್ಲಿದ್ದರು, ಒಳ್ಳೆಯ ಮರ ಸಿಗುತ್ತಿರಲಿಲ್ಲ. ಇವನು ಬಗ್ಗಿಸಿದ ಕೊಳವೆಗೆ ಹತ್ತಿಯ ಹಗ್ಗ ಹೆಣೆದು ಕುರ್ಚಿ ಮಾಡಿದ, ಒಲೆಯ ಹೊಗೆಗೊಳವೆಯ ತಗಡಿನಿಂದ ದೀಪ ಮಾಡಿದ. ಅವನದೊಂದು ನಿಯಮ: ತಾನು ಮಾಡಿದ್ದನ್ನು ಮನೆಯ ಹೆಂಗಸು ಒಂದೇ ಕೈಯಲ್ಲಿ ಎತ್ತಿ ಅಡಿಯಲ್ಲಿ ಗುಡಿಸುವಂತಿರಬೇಕು. ಹೂ ಬಳ್ಳಿ ಕೆತ್ತುವುದು ಅವನಿಗೆ ಆಗುತ್ತಲೇ ಇರಲಿಲ್ಲ. "ಕೆತ್ತನೆ ಮಾಡುವವನು ತನ್ನ ಕೆಟ್ಟ ಕೀಲನ್ನು ಮುಚ್ಚಿಡುತ್ತಾನೆ" ಎಂದನಂತೆ. ಮೂವತ್ತು ವರ್ಷದಿಂದ ಬಾಗಿಲುಗಳಿಗೆ ಹೂಬಳ್ಳಿ ಕೆತ್ತುತ್ತಿರುವ ನನಗೆ ಇದನ್ನು ಕೇಳಿ ಮೈಯೆಲ್ಲ ಉರಿಯಿತು. ಮೆರಿಲ್ ನನ್ನ ಮುಖ ನೋಡಿ ಪುಟ ತಿರುಗಿಸಿದಳು. ಕಾರ್ಖಾನೆಯವರ ಜೊತೆಯೂ ಅವನಿಗೆ ಸದಾ ಜಗಳ. ಆದರೆ ಮಗಾ, ಅವನ ಕುರ್ಚಿಗಳ ಫೋಟೊ ನೋಡಿದಾಗ ನನಗೆ ನಿನ್ನ ನೆನಪಾಯಿತು. ನೀನು ಪುಸ್ತಕದ ಹಿಂದೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದೆಯಲ್ಲ, ಅಂಥವೇ ಕೃಶವಾದ ಕಾಲುಗಳು.

ಮೆರಿಲ್ ದೀಪದ ಅಧ್ಯಾಯಕ್ಕೆ ಬರುವ ಮೊದಲೇ ನಾನು ದೀಪದ ಕೆಲಸ ಮುಗಿಸಿದ್ದೆ. ಅಲ್ಲಿಯೇ ಎಡವಟ್ಟಾದದ್ದು. ಒಂದು ಕಾಲು ಬಿರುಕು ಬಿಟ್ಟಿತ್ತು, ವಯರು ಹಳತಾಗಿತ್ತು, ಅಷ್ಟನ್ನೇ ಸರಿಮಾಡಲು ಹೇಳಿದ್ದರು. ಮಾಡಿ ನಿಲ್ಲಿಸಿದೆ. ದೀಪ ಒಂದು ಕಡೆಗೆ ವಾಲಿತು. ಕುಣಿಯಲು ಬಾರದವಳ ಹಾಗೆ ಮೊದಲು ನೆಲವನ್ನೇ ಬೈದೆ. ಆಮೇಲೆ ರಸಮಟ್ಟ ಇಟ್ಟು ನೋಡಿದೆ, ನೆಲ ಸರಿ ಇತ್ತು. ಅಳೆದರೆ ಒಂದು ಕಾಲು ಅರ್ಧ ಇಂಚು ಗಿಡ್ಡ. ಹಳೆಯ ಸಾಮಾನು, ತುದಿ ಹುಳ ತಿಂದಿರಬೇಕು, ಯಾರೋ ಕುಯ್ದಿರಬೇಕು ಎಂದುಕೊಂಡೆ. ಕುಯ್ದ ತುದಿ ಓರೆಯಾಗಿ, ಕನ್ನಡಿಯಷ್ಟು ನುಣುಪಾಗಿ ಇತ್ತು. ಹುಳ ಹಿಡಿದ ಮರವನ್ನು ಯಾರೂ ಅಷ್ಟು ಪ್ರೀತಿಯಿಂದ ಕುಯ್ಯುವುದಿಲ್ಲ. ಅದನ್ನು ನೋಡಿಯೂ ನಾನು ನೋಡಲಿಲ್ಲ. ಹಳೆಯ ಅಕ್ರೋಟು ತುಂಡೊಂದನ್ನು ಹುಡುಕಿ, ನಾರಿಗೆ ನಾರು ಕೂಡಿಸಿ, ಅರ್ಧ ಇಂಚು ಜೋಡಿಸಿದೆ. ಪುಣ್ಯಕ್ಕೆ ಕಾಯಿಸಿ ಹಚ್ಚುವ ಹಳೇ ಕಾಲದ ಅಂಟನ್ನೇ ಬಳಸಿದೆ. ಜೋಡಿಸಿದ ಗೆರೆ ಎಲ್ಲಿದೆ ಎಂದು ಫಯಾಝ್ ಭೂತಕನ್ನಡಿ ಹಿಡಿದು ಹುಡುಕಿದರೂ ಸಿಗಲಿಲ್ಲ. ದೀಪ ನೆಟ್ಟಗೆ ನಿಂತಿತು. ನಾನು ಆ ದಿನ ಎರಡು ಕಪ್ ಚಹಾ ಹೆಚ್ಚು ಕುಡಿದೆ.

ನಿನಗೆ ಗೊತ್ತಲ್ಲ, ನಾನು ಹುಟ್ಟು ಆಚಾರಿಯಲ್ಲ. ನಮ್ಮ ಮನೆತನದಲ್ಲಿ ಉಳಿ ಹಿಡಿದವನು ನಾನೇ ಮೊದಲು. ಕೆಲಸ ಕಲಿಯುವಾಗ ನನ್ನ ಬಾಗಿಲು ಒಂದು ನೂಲಿನಷ್ಟು ಓರೆಯಾದರೂ "ಕುಲಕಸುಬಲ್ಲದವನು ಕೈ ಹಾಕಿದರೆ ಹೀಗೇ" ಎಂದು ಜನ ನಗುತ್ತಿದ್ದರು. ಆ ನಗು ಇನ್ನೂ ಕಿವಿಯಲ್ಲಿದೆ. ಓರೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ, ಕೇಳುವುದಕ್ಕೂ ಪುರುಸೊತ್ತಿರುವುದಿಲ್ಲ. ನನ್ನ ರೋಗ ಅದು.

ಹೋದ ವಾರ ದೀಪವನ್ನು ಅಲ್ ಅಜೈಬಾಕ್ಕೆ ಒಯ್ದು ನಿಲ್ಲಿಸಿದೆವು. ಅಲ್ಲಿ ಇಟಲಿಯಿಂದ ಬಂದ ಒಬ್ಬ ಹೆಂಗಸು ಇದ್ದಳು, ಬ್ರುಸಾದಿನ್ ಮಾಡಿದ ಸಾಮಾನುಗಳ ಪ್ರದರ್ಶನಕ್ಕೆ ಈ ದೀಪವನ್ನು ಆಯ್ದುಕೊಳ್ಳಬಹುದೇ ಎಂದು ನೋಡಲು ಬಂದವಳು. ನಾಸಿರರ ತಂದೆ ಹಿಂದೆ ಬ್ರುಸಾದಿನ್‌ಗೆ ಡ್ರೈವರ್ ಆಗಿದ್ದರಂತೆ, ಅವನು ಇಲ್ಲಿನ ಒಂದು ಅತಿಥಿಗೃಹಕ್ಕೆ ದೀಪ ಮಾಡಲು ಬಂದಿದ್ದಾಗ. ಹಳೆಯ ಮನೆಗಳ ಬಾಗಿಲು ನೋಡಬೇಕು ಎಂದವನನ್ನು ದೂರದ ಇಬ್ರಾ ಊರಿನವರೆಗೆ ಕರೆದುಕೊಂಡು ಹೋಗಿದ್ದರಂತೆ. ಹೊರಡುವ ದಿನ ತಾನು ಓದಲು ಇಟ್ಟುಕೊಂಡಿದ್ದ ದೀಪವನ್ನೇ ಅವನು ನಾಸಿರರ ತಂದೆಗೆ ಕೊಟ್ಟು ಹೋದನಂತೆ. ಕಾಲು ಬಿರುಕು ಬಿಟ್ಟ ಮೇಲೆ ಅದು ಎಷ್ಟೋ ವರ್ಷ ಮೂಲೆಯಲ್ಲಿ ಮಲಗಿಯೇ ಇತ್ತಂತೆ, ಮೊದಲು ಹೇಗೆ ನಿಲ್ಲುತ್ತಿತ್ತೆಂದು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಇದನ್ನೆಲ್ಲ ಹೇಳುವಾಗ ನಾಸಿರ್ ಸಣ್ಣ ಹುಡುಗನ ಹಾಗೆ ಕಾಣುತ್ತಿದ್ದರು. ಆ ಹೆಂಗಸು ದೀಪದ ಸುತ್ತ ಒಂದು ಸುತ್ತು ಬಂದು, ಟೇಪು ಹಿಡಿದು ಮೂರು ಕಾಲನ್ನೂ ಅಳೆದು, ತಲೆಯಾಡಿಸಿದಳು. ಇದು ಬ್ರುಸಾದಿನ್ ಮಾಡಿದ್ದಲ್ಲ ಎಂದಳು; ಅವಳ ಇಂಗ್ಲಿಷನ್ನು ಫಯಾಝ್ ನನಗೆ ಬಿಡಿಸಿ ಹೇಳುತ್ತಿದ್ದ. ಮಲಗಿ ಓದುವ ಹೆಂಡತಿಯ ಕಡೆಗೆ ಬೆಳಕು ಬಾಗಲಿ ಎಂದು ಅವನು ಬೇಕೆಂದೇ ಒಂದು ಕಾಲು ಗಿಡ್ಡ ಇಟ್ಟಿದ್ದನಂತೆ. ದೀಪ ಸೊಟ್ಟಗಿದೆ ಎಂದು ಗಿರಾಕಿಗಳು ವಾಪಸು ತಂದಾಗ ಕಾರ್ಖಾನೆಯವರು ಅವನನ್ನು ಕೇಳದೆ ಎಲ್ಲವನ್ನೂ ನೆಟ್ಟಗೆ ಮಾಡಿದರಂತೆ. ನೆಟ್ಟಗಿನವು ನನ್ನವಲ್ಲ ಎಂದು ಅವನು ಪತ್ರಿಕೆಯಲ್ಲೇ ಹಾಕಿಸಿದನಂತೆ. ನಿಮ್ಮ ತಂದೆಗೆ ಯಾರೋ ಅಂಗಡಿಯಲ್ಲಿ ಕೊಂಡದ್ದನ್ನು ಕೊಟ್ಟಿರಬೇಕು ಎಂದು ಹೇಳಿ ಅವಳು ಚೀಲ ಮುಚ್ಚಿದಳು.

ನಾಸಿರ್ ಜಗಳವಾಡಲಿಲ್ಲ. ನನ್ನ ಕಡೆ ತಿರುಗಿ ಹಿಂದಿಯಲ್ಲಿ, "ಉಸ್ತಾದ್, ನನ್ನ ಬಾಬಾ ಸುಳ್ಳು ಹೇಳುವವರಲ್ಲ" ಎಂದರು, ಅಷ್ಟೇ. ಸತ್ತ ಅಪ್ಪನ ಮಾತು ನನ್ನ ಅರ್ಧ ಇಂಚಿನಿಂದ ಸುಳ್ಳಾಗುತ್ತಿತ್ತು. ಬಾಯಿ ತೆರೆಯಲು ಹೋದೆ. ಫಯಾಝ್ ಹಿಂದಿನಿಂದ ಅಂಗಿ ಹಿಡಿದು, "ಸುಮ್ಮನಿರಿ ದೂಮಪ್ಪಣ್ಣ, ಎಂಥ ಮಾತಾಡ್ಲಿಕ್ಕೆ ಹೊರಟಿದ್ದೀರಿ, ನಿಮ್ಮ ವೀಸಾ ಉಂಟಲ್ಲ" ಎಂದು ಪಿಸುಗುಟ್ಟಿದ. ಅವನಿಗೂ ಹೆದರಿಕೆ, ನನಗೂ ಹೆದರಿಕೆ. ಆದರೂ ಹೇಳಿದೆ: ಇದು ವಾಲುತ್ತಿತ್ತು, ನೆಟ್ಟಗೆ ಮಾಡಿದ್ದು ನಾನು. ಅವಳು ನಂಬಲಿಲ್ಲ, ಜೋಡಣೆಯ ಗೆರೆ ಕಾಣಿಸುತ್ತಿಲ್ಲವಲ್ಲ ಎಂದಳು. ನನ್ನ ಕೈಚಳಕವೇ ನನಗೆ ವೈರಿಯಾಯಿತು ನೋಡು. ಅಡುಗೆಮನೆಯಿಂದ ಕುದಿಯುವ ನೀರು ತರಿಸಿ, ಬಟ್ಟೆ ಅದ್ದಿ ತುದಿಗೆ ಸುತ್ತಿ, ಮತ್ತೆ ಅದ್ದಿ ಸುತ್ತಿ, ಅಲ್ಲೇ ನೆಲದ ಮೇಲೆ ಕೂತೆ. ಸೊಂಟ ನೋವು ಅಂದು ಚೆನ್ನಾಗಿ ಮಾತಾಡಿತು. ಸುಮಾರು ಹೊತ್ತಿನ ಮೇಲೆ ಅಂಟು ಬಿಟ್ಟು ತುಂಡು ಕೈಗೆ ಬಂತು. ನಿಲ್ಲಿಸಿದರೆ ದೀಪ ವಾಲಿತು. ಆ ಹೆಂಗಸು ಮಂಡಿಯೂರಿ ಕೂತು ಓರೆಯಾಗಿ ಕುಯ್ದ ಆ ಹಳೆಯ ತುದಿಯನ್ನು ಬೆರಳಲ್ಲಿ ಸವರಿ ಸವರಿ ನೋಡಿದಳು. ಆಮೇಲೆ ನಾಸಿರರಿಗೆ ಏನೋ ಹೇಳಿ ಕೈಕುಲುಕಿದಳು. ನಾಸಿರ್ ತಾವೇ ಕಾಫಿ ಬಗ್ಗಿಸಿ ಮೊದಲ ಕಪ್ಪನ್ನು ನನಗೆ ಕೊಟ್ಟರು. ಕೆಲಸವೇನೂ ಹೋಗಲಿಲ್ಲ. ಫಯಾಝ್ ಮಾತ್ರ "ಖಲಾಸ್, ಇನ್ನು ಇಟಲಿ ಸಾಮಾನು ಮುಟ್ಟಬೇಡಿ" ಎಂದು ಮೂರು ದಿನ ಗೊಣಗಿದ.

ಬರ್ಕಾಕ್ಕೆ ವಾಪಸು ಬರುವಾಗ ವ್ಯಾನಿನಲ್ಲಿ ನನಗೆ ಅಳು ಬಂತು. ಗುರುತಿಲ್ಲದವರ ಮುಂದೆ ಹತ್ತು ನಿಮಿಷದಲ್ಲಿ ಆಡಿದ ಮಾತನ್ನು ಮನೆಯವರ ಮುಂದೆ ಆಡಲು ವರ್ಷಗಟ್ಟಲೆ ಆಗುವುದಿಲ್ಲವಲ್ಲ. ಕೂಡಿಸಿದ್ದನ್ನು ಬಿಡಿಸಬಹುದು ಮಗಾ, ಬಿಸಿನೀರು ಸಾಕು. ಕುಯ್ದದ್ದಕ್ಕೆ ಏನು ಮಾಡುವುದು? ನೀನು ಆ ಉಳಿಗಳನ್ನು ಕೊಡಬೇಡ ಎನ್ನುವುದಕ್ಕೆ ನನ್ನಲ್ಲಿ ಒಂದು ಕಾರಣ ಇದೆ. ಬರೆಯಬೇಕೆಂದೇ ಕೂತದ್ದು. ಬ್ರುಸಾದಿನ್‌ನ ಕಥೆಯಲ್ಲೇ ನಾಲ್ಕು ಹಾಳೆ ತುಂಬಿತು, ಪೆನ್ನು ಆ ಕಡೆಗೆ ಹೋಗುತ್ತಿಲ್ಲ.

ಅಮ್ಮನಿಗೆ ಹೇಳು, ಆಲ್ಫ್ರೆಡನ ಕೈಯಲ್ಲಿ ಎರಡು ಡಬ್ಬಿ ಖರ್ಜೂರ ಕಳಿಸಿದ್ದೇನೆ, ಒಂದನ್ನು ಪಕ್ಕದ ಮನೆಗೆ ಕೊಡಲಿ. ಮಳೆ ನಿಂತಿತಲ್ಲ, ಹಿಂದಿನ ಬಾಗಿಲಿನ ಚೌಕಟ್ಟಿಗೆ ಎಣ್ಣೆ ಹಚ್ಚು. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನ ಕೈಯನ್ನು ಕಾಯಲಿ.

ನಿನ್ನ ಅಪ್ಪ,
ದೂಮಪ್ಪ

ತಾ.ಕ.: ಮಡಚಿದ್ದನ್ನು ಮತ್ತೆ ಬಿಚ್ಚಿದ್ದೇನೆ. ಆಲ್ಫ್ರೆಡ್ ಕೆಳಗೆ ಹಾರ್ನ್ ಹಾಕುತ್ತಿದ್ದಾನೆ. ನಿನ್ನ ಕುರ್ಚಿಯ ಮುಂದಿನ ಎರಡು ಕಾಲುಗಳನ್ನು ಮುಕ್ಕಾಲು ಇಂಚು ಕುಯ್ದದ್ದು ನಾನು. ಪರೀಕ್ಷೆಯ ದಿನ ಬೆಳಿಗ್ಗೆ ನೀನು ಟೆಂಪೊ ಕರೆಯಲು ಹೋಗಿದ್ದೆ. ರಸಮಟ್ಟ ಇಟ್ಟೆ, ಮುಂದುಗಡೆ ಎತ್ತರ ಕಂಡಿತು, ಹುಡುಗ ತಪ್ಪು ಅಳೆದಿದ್ದಾನೆ, ನಾಲ್ಕು ಜನ ನಕ್ಕಾರು ಎಂದು ಕುಯ್ದು, ತುದಿ ಉಜ್ಜಿ, ಮೇಣ ಹಚ್ಚಿಟ್ಟೆ. ಗಡಿಬಿಡಿಯಲ್ಲಿ ನೀನು ಮತ್ತೆ ಅಳೆಯಲಿಲ್ಲ. ಸಂಜೆ ಬಂದು "ಕೂತವರು ಜಾರಬಾರದೆಂದೇ ಮುಂದೆ ಎತ್ತರ ಇಟ್ಟಿದ್ದೆ ಅಪ್ಪ, ಆದರೂ ಯಾಕೆ ಜಾರಿದರು" ಎಂದು ಮೂರು ಸಲ ಕೇಳಿದೆ. "ಅಳತೆ ಒಮ್ಮೊಮ್ಮೆ ಕೈಕೊಡುತ್ತದೆ" ಎಂದೆ ನಾನು. ನೀನು ಒಲೆಗೆ ಹಾಕುವಾಗಲೂ ನಾನು ಅಲ್ಲೇ ಕೂತಿದ್ದೆ, ಹೇಳಲಿಲ್ಲ. ಉಳಿಗಳನ್ನು ಕೊಡುವುದಾದರೆ ನನ್ನ ಮೇಲಿನ ಸಿಟ್ಟಿಗೆ ಕೊಡು, ನಾನು ಬೇಡ ಎನ್ನುವುದಿಲ್ಲ. ಅಳತೆ ಬರುವುದಿಲ್ಲ ಎಂದು ಕೊಡಬೇಡ. ನಿನ್ನ ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.