ಮ್ಯಾಟಿನ ಕೆಳಗಿನ ಕೌದಿ

ಕಾಕಾ,

ನಿನ್ನ ಹಳೆಯ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ಇವತ್ತು ಬೈಲಹೊಂಗಲದ ಗ್ಯಾರೇಜಿಗೆ ಒಯ್ದಿದ್ದೆ. ಸೆಕೆಂಡ್ ಗೇರು ಈಗಲೂ ಹಾಗೇ ಕರಕರ ಹಲ್ಲು ಕಡಿಯುತ್ತಿತ್ತು. ಮಿಸ್ತ್ರಿ ಅಜಿತ ಇಂಜಿನ್ ಬಂದ್ ಮಾಡಿ ಗೇರು ಹಾಕಿ ನೋಡಿದ. ಸಲೀಸಾಗಿ ಬಿತ್ತು.

“ಗೇರ್‌ಬಾಕ್ಸ್ ಚಲೋ ಐತ್ರಿ ಅಕ್ಕಾರ. ಕ್ಲಚ್ ಪೂರಾ ಕೆಳಗ ಹೋಗವಲ್ದು,” ಎಂದವನೇ ಕಾಲಡಿಯ ಮ್ಯಾಟ್ ಎತ್ತಿದ. ಕೆಳಗೆ ಅಜ್ಜಿಯ ಕೌದಿಯ ತುಂಡು, ಮಡಿಚಿ ಹಾಸಿದ್ದು. ಪೆಡಲ್ ಅದಕ್ಕೆ ತಾಗಿ ಅಲ್ಲೇ ನಿಲ್ಲುತ್ತಿತ್ತು.

ಚಪ್ಪಲಿ ಹಾಕಿದರೆ ಪೆಡಲ್ ತಿಳಿಯುವುದಿಲ್ಲವೆಂದು ನಾನು ಬರಿಗಾಲಲ್ಲೇ ಕಲಿಯುತ್ತಿದ್ದೆ. ಇಂಜಿನ್ ಬಿಸಿಗೆ ಕಾಲು ಸುಡುತ್ತದೆ ಎಂದು ಒಮ್ಮೆ ಅಂದಿದ್ದೆ, ಅಷ್ಟೇ.

ನನಗೆ ಹೇಳದೆ ಕೌದಿ ಹಾಸಿ, ಆಮೇಲೆ ದಿನಾ ನೀನು ಪಕ್ಕದಲ್ಲಿ ಕೂತು, “ಪೂರಾ ಒತ್ತವ್ವಾ, ಪೂರಾ ಒತ್ತು,” ಎಂದು ಬೈಯುತ್ತಿದ್ದೆ. “ಒತ್ತಾಕತ್ತೇನಲ್ಲ,” ಎಂದು ನಾನು ಅಳುತ್ತಿದ್ದೆ. ಸವದತ್ತಿ ರಸ್ತೆಯಲ್ಲಿ ಸಿಟ್ಟಿನಿಂದ ಇಳಿದು ಬಸ್ಸು ಹತ್ತಿದವಳು, ನೀನಿರುವವರೆಗೆ ಮತ್ತೆ ಡ್ರೈವರ್ ಸೀಟಿನಲ್ಲಿ ಕೂರಲಿಲ್ಲ. ನೀನೂ ಕಾರು ಹೊರಗೆ ತೆಗೆಯಲಿಲ್ಲ.

ಇವತ್ತು ಬರಿಗಾಲಲ್ಲೇ ಓಡಿಸಿಕೊಂಡು ಬಂದೆ. ಕೌದಿಯನ್ನು ನೀನು ಕೂರುತ್ತಿದ್ದ ಸೀಟಿಗೆ ಹಾಸಿದ್ದೇನೆ. ಗೇರು ಈಗ ಸದ್ದಿಲ್ಲದೆ ಬೀಳುತ್ತದೆ.

ಕಾಲು ಸುಡುತ್ತದೆ, ಕಾಕಾ.